ತನ್ನೂರನ್ನು ತಾನೇ ಅಧ್ಯಯನ ಮಾಡುವವರ ಹೊಣೆ

(ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಗುಡ್ಡಸೀಮೆಯ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ಊರಿಗೆ ಹೊಸಬರೊಬ್ಬರು ಬಂದರೆ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಈ ಊರಿಗೆ ಈ ಹೆಸರು ಏಕೆ ಬಂತು ಎಂಬುದು. ತೆಲುಗಿನಲ್ಲಿ ಕುಡುಮು ಎಂದರೆ ಕಡುಬು, ಕುಂಟ ಎಂದರೆ ಕುಂಟೆ. ಹೆಸರನ್ನು ಹೀಗೆ ಬಿಡಿಸಿದರೆ ಕಡುಬಿನ ಕುಂಟೆ ಎಂದಾಗುತ್ತದೆ. ಊರಿನ ಹಿರಿಯರು ಬೇರೊಂದು ಕಥೆಯನ್ನೇ ಹೇಳಬಹುದು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ದಿನಕ್ಕೆ ಹತ್ತು ಬಾರಿ ಈ ಹೆಸರನ್ನು ಉಚ್ಚರಿಸುವವರು ಅದರ ಅರ್ಥವನ್ನು ಕೇಳುವುದು ಅಪರೂಪ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಎರಡೂ ಎಂಬಂತೆ ಬದುಕುವ ಈ ಸೀಮೆಯಲ್ಲಿ ಯಾವ ಮಾತನ್ನು ಯಾರೊಡನೆ ಯಾವ ಭಾಷೆಯಲ್ಲಿ ಆಡಬೇಕೆಂದು ಮಕ್ಕಳಿಗೂ ಗೊತ್ತು. ಹಾಗೆ ಆಡುವುದೇಕೆ ಎಂದು ಕೇಳಿದರೆ ದೊಡ್ಡವರಿಗೂ ಉತ್ತರ ಹೊಳೆಯುವುದಿಲ್ಲ. ತಿಳಿದಿರುವುದು ಒಂದು, ತಿಳಿದಿರುವುದನ್ನು ಕಾಣುವುದು ಇನ್ನೊಂದು. ಇಂದಿನ ಮಾತು ಈ ಎರಡರ ನಡುವಿನ ಅಂತರವನ್ನು ಕುರಿತದ್ದು.

ಮನುಷ್ಯರು ಗುಂಪಾಗಿ ಬದುಕುವ ಬಗೆಯನ್ನು, ಅವರ ನೆಂಟಸ್ತನ, ಉಳುಮೆ, ಪೂಜೆ, ಜಗಳ, ನ್ಯಾಯ ಇವೆಲ್ಲವನ್ನು ಅವರ ನಡುವೆಯೇ ಇದ್ದು ಅರಿಯುವ ಶಾಸ್ತ್ರ ಮಾನವಶಾಸ್ತ್ರ. ಆ ಅರಿವನ್ನು ಒಂದು ಕೆಲಸಕ್ಕೆ, ಎಂದರೆ ಕೆರೆಯ ಜೀರ್ಣೋದ್ಧಾರಕ್ಕೆ, ಬೀಜದ ಆಯ್ಕೆಗೆ, ಆರೋಗ್ಯಕ್ಕೆ, ಅರಣ್ಯದ ರಕ್ಷಣೆಗೆ ಬಳಸಿದರೆ ಅದು ಅನ್ವಯಿಕ ಮಾನವಶಾಸ್ತ್ರ. ಬಹುಕಾಲ ಈ ಶಾಸ್ತ್ರ ದೂರದವರನ್ನು ಕುರಿತದ್ದಾಗಿತ್ತು. ಇಂಗ್ಲೆಂಡಿನವರು ಆಫ್ರಿಕಾಕ್ಕೆ ಹೋಗಿ ಬರೆಯುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳು ಇಲ್ಲಿನ ಜಾತಿ ಬುಡಕಟ್ಟುಗಳ ಪಟ್ಟಿ ಮಾಡುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳನ್ನು ಕುರಿತ 7 ಸಂಪುಟಗಳನ್ನು ಪ್ರಕಟಿಸಿದನು. ಆಳುವವರಿಗೆ ಆಳಿಸಿಕೊಳ್ಳುವವರ ಪರಿಚಯ ಬೇಕಾಗಿತ್ತು. ಶಾಸ್ತ್ರ ಆ ಕೆಲಸಕ್ಕೂ ಒದಗಿತು.

ಮೈಸೂರು ಸಂಸ್ಥಾನದಲ್ಲಿ ಆ ಕಾರ್ಯ ಕನ್ನಡಿಗರೊಬ್ಬರ ಪಾಲಿಗೆ ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯನ್ನು ನಡೆಸಿದರು. ಅವರು ತೀರಿಕೊಂಡ ಬಳಿಕ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಕೈಯಲ್ಲಿ ಆ ಸಾಮಗ್ರಿ ಬೆಳೆದು 1928ರಿಂದ ಮುಂದಿನ ವರ್ಷಗಳಲ್ಲಿ ಸಂಪುಟಗಳಾಗಿ ಹೊರಬಂತು. ಬರೆದವರು ಈ ನಾಡಿನವರೇ. ಬರೆಯಿಸಿಕೊಂಡವರೂ ಈ ನಾಡಿನವರೇ. ಆದರೂ ಬರೆದದ್ದು ಸರ್ಕಾರಕ್ಕಾಗಿ, ಇಂಗ್ಲಿಷಿನಲ್ಲಿ. ಯಾರ ಬಗ್ಗೆ ಬರೆಯಲಾಯಿತೋ ಅವರಲ್ಲಿ ಬಹುಪಾಲು ಜನ ಅದನ್ನು ಓದುವಂತಿರಲಿಲ್ಲ. ಒಂದು ನಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬನು ಆ ನಾಡಿನ ಎಲ್ಲರಿಗೂ ಒಳಗಿನವನಾಗುವುದಿಲ್ಲ ಎಂಬುದಕ್ಕೆ ಇದು ಮೊದಲ ನಿದರ್ಶನ.

ಎರಡನೆಯ ನಿದರ್ಶನ ಹೆಚ್ಚು ಪ್ರಸಿದ್ಧವಾದದ್ದು. ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರು 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಬೊಂಬಾಯಿಯಲ್ಲಿ ಘುರ್ಯೆ ಅವರಲ್ಲಿ, ಬಳಿಕ ಆಕ್ಸ್‌ಫರ್ಡಿನಲ್ಲಿ ಅಧ್ಯಯನ ಮಾಡಿದರು. ಕೊಡವರನ್ನು ಕುರಿತ ಅವರ ಗ್ರಂಥ 1952ರಲ್ಲಿ ಹೊರಬಂತು. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿ ಎಂಬ ಗ್ರಾಮದಲ್ಲಿ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ಬರಹಗಳಲ್ಲಿ ಅದನ್ನು ರಾಂಪುರ ಎಂದು ಕರೆದರು. ಅವರ ಪೂರ್ವಿಕರ ಊರೂ ಅದೇ ಕಾವೇರಿ ಸೀಮೆಯದು. ಭಾಷೆ ಅವರದೇ, ಊಟ ಅವರದೇ, ದೇವರುಗಳೂ ಪರಿಚಿತವೇ. ದೂರದ ದ್ವೀಪಗಳಿಗೆ ಹೋದ ಶಾಸ್ತ್ರಜ್ಞರು ಭಾಷೆ ಕಲಿಯಲು ಕಳೆಯುತ್ತಿದ್ದ ಕಾಲವೆಲ್ಲ ಅವರಿಗೆ ಉಳಿತಾಯವಾಯಿತು. ಪ್ರಬಲ ಜಾತಿ ಎಂಬ ಪರಿಕಲ್ಪನೆ ಆ ಹಳ್ಳಿಯ ಅನುಭವದಿಂದ ರೂಪುಗೊಂಡಿತು. ಇಂದು ಹಳ್ಳಿಹಳ್ಳಿಯ ಕಟ್ಟೆಯ ಮೇಲೆ ಕೇಳಿಬರುವ ವೋಟ್ ಬ್ಯಾಂಕ್ ಎಂಬ ಮಾತನ್ನು ಬಳಕೆಗೆ ತಂದವರೂ ಅವರೇ. 1955ರಲ್ಲಿ ಪ್ರಕಟವಾದ, ಮೈಸೂರು ಸೀಮೆಯ ಹಳ್ಳಿಯೊಂದರ ಸಮಾಜ ವ್ಯವಸ್ಥೆಯನ್ನು ಕುರಿತ ಲೇಖನದಲ್ಲಿ ಅದು ಕಾಣಿಸಿಕೊಂಡಿತು.

ಆದರೆ ಒಳಗಿನವರೆಂಬ ಸ್ಥಾನಕ್ಕೆ ಅವರು ತೆತ್ತ ಬೆಲೆಯೂ ಇತ್ತು. ಹಳ್ಳಿ ಅವರನ್ನು ಸಂಶೋಧಕನೆಂದು ಕಾಣುವುದಕ್ಕೆ ಮೊದಲು ಬ್ರಾಹ್ಮಣನೆಂದು ಕಂಡಿತು. ಸ್ನಾನದ ಬಳಿಕ ಮುಖ ಕ್ಷೌರ ಮಾಡಿಕೊಂಡದ್ದಕ್ಕೆ ಊರಿನ ಪಟೇಲರು ಅವರಿಗೆ ಬುದ್ಧಿ ಹೇಳಿದ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಹೊರದೇಶದವನೊಬ್ಬ ಹಾಗೆ ಮಾಡಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ತನ್ನವನು ಮಾಡಿದಾಗ ಅದು ತಪ್ಪಾಯಿತು. ಅವರು ಉಳಿದುಕೊಂಡದ್ದು ಪಟೇಲರಿಗೆ ಸೇರಿದ ಕಟ್ಟಡದಲ್ಲಿ. ಆ ಸ್ಥಾನದಿಂದ ಯಜಮಾನರ ಲೋಕ ಚೆನ್ನಾಗಿ ಕಂಡಿತು; ದಲಿತರ ಕೇರಿಯ ಬದುಕೂ ಹೆಂಗಸರ ಬದುಕೂ ಅಷ್ಟು ಕಾಣಲಿಲ್ಲ. ತಾವು ಹಳ್ಳಿಯನ್ನು ಮೇಲುಜಾತಿಯ ಪುರುಷರ ಕಣ್ಣಿನಿಂದಲೇ ಹೆಚ್ಚಾಗಿ ಕಂಡದ್ದೆಂದು ಶ್ರೀನಿವಾಸ್ ಮುಂದೆ ಒಪ್ಪಿಕೊಂಡರು. ಈ ಒಪ್ಪಿಗೆಯೇ ಅವರ ಕೃತಿಯನ್ನು ಇಂದಿಗೂ ಓದಬೇಕಾದ ಕಾರಣಗಳಲ್ಲಿ ಒಂದು.

ಅವರ ಬಾಲ್ಯದ ಒಂದು ನೆನಪೂ ಇಲ್ಲಿ ಉಪಯುಕ್ತವಾಗಿದೆ. ಮೈಸೂರಿನಲ್ಲಿ ಅವರ ಮನೆಯ ಹಿಂಬದಿಗೆ ಬಂಡಿಕೇರಿ ಎಂಬ ಕುರುಬರ ಕೇರಿ ಇತ್ತು. ಆ ಕೇರಿಯಲ್ಲಿ ಕಂಡ ಬದುಕು ತಮಗೆ ಸಂಪೂರ್ಣ ಬೇರೊಂದು ಲೋಕದಂತೆ ತೋರಿತೆಂದು ಅವರು ಬರೆದಿದ್ದಾರೆ. ಮನೆಗೂ ಕೇರಿಗೂ ನಡುವೆ ಇದ್ದ ದೂರ ಕೆಲವೇ ಹೆಜ್ಜೆಗಳದ್ದು. ಸಮುದ್ರ ದಾಟಿದವನಿಗೆ ಕಾಣುವ ಪರಕೀಯತೆ ಹಿತ್ತಲ ಬಾಗಿಲನ್ನು ದಾಟಿದ ಹುಡುಗನಿಗೂ ಕಂಡಿತ್ತು. ಹಾಗಾದರೆ ‘ತನ್ನ ಸಮಾಜ’ ಎಂಬುದರ ಗಡಿ ಎಲ್ಲಿದೆ? ಊರಿನ ಗಡಿಯಲ್ಲಿದೆಯೇ, ಬೀದಿಯ ತಿರುವಿನಲ್ಲಿದೆಯೇ? ತನ್ನೂರನ್ನು ಅಧ್ಯಯನ ಮಾಡಹೊರಟ ವಿದ್ಯಾರ್ಥಿ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಮಾನವಶಾಸ್ತ್ರಜ್ಞನಿಗೆ ಮೂರು ಜನ್ಮಗಳುಂಟೆಂದು ಶ್ರೀನಿವಾಸ್ ಹೇಳುತ್ತಿದ್ದರು. ತನ್ನ ಸಮಾಜದಲ್ಲಿ ಹುಟ್ಟುವುದು ಮೊದಲನೆಯದು. ಪರಕೀಯ ಸಮಾಜವೊಂದರಲ್ಲಿ ಬಾಳಿ ಅದನ್ನು ಒಳಗಿನಿಂದ ಅರಿಯುವುದು ಎರಡನೆಯದು. ಆ ಕಣ್ಣನ್ನು ಹೊತ್ತು ಮನೆಗೆ ಮರಳಿದಾಗ ಪರಿಚಿತವಾದದ್ದೇ ಅಪರಿಚಿತವಾಗಿ ಕಾಣುವುದು ಮೂರನೆಯದು. ಹಳ್ಳಿಯ ವಿದ್ಯಾರ್ಥಿಗೆ ಎರಡನೆಯ ಜನ್ಮಕ್ಕಾಗಿ ಆಫ್ರಿಕಾಕ್ಕೆ ಹೋಗುವ ಅನುಕೂಲವಿಲ್ಲ. ಆದರೆ ಅವನ ಊರಿನಲ್ಲೇ ಅವನು ಎಂದೂ ಕುಳಿತು ನೀರು ಕುಡಿಯದ ಮನೆಗಳಿವೆ. ಎರಡನೆಯ ಜನ್ಮ ಅಲ್ಲಿ ಸಾಧ್ಯ.

ಹೊರಗಿನವರಿಗೆ ಕಾಣುವುದು ಏನು ಎಂಬುದಕ್ಕೂ ಇದೇ ಸೀಮೆಯ ಸಾಕ್ಷಿ ಇದೆ. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದ ನಡುವೆ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ವಂಗಾಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನು ಅವಕ್ಕೆ ಇಟ್ಟರು. ಮೊದಲನೆಯ ಹಳ್ಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ಎರಡನೆಯದು ನಾಲೆಗಿಂತ ಎತ್ತರದಲ್ಲಿದ್ದ ಕಾರಣ ಅದರ ಹೊಲಗಳು ಒಣಗಿಯೇ ಉಳಿದವು. ನೀರು ಬಂದ ಹಳ್ಳಿಯೇ ಹೆಚ್ಚು ಬದಲಾಗಬೇಕೆಂದು ಯಾರಾದರೂ ಊಹಿಸುತ್ತಾರೆ. ಎಪ್‌ಸ್ಟೀನ್ ಕಂಡದ್ದು ಬೇರೆ. ನೀರು ಬಂದ ಹಳ್ಳಿಯವರು ಕಬ್ಬು ಬೆಳೆದು ಸಿರಿವಂತರಾದರೂ ಉಳುಮೆಯ ಬದುಕನ್ನೇ ಮುಂದುವರಿಸಿದರು. ಒಕ್ಕಲಿಗ ಒಡೆಯರಿಗೂ ಆದಿಕರ್ನಾಟಕ ಕೂಲಿಗಳಿಗೂ ನಡುವಣ ಹಳೆಯ ವಂಶಪಾರಂಪರ್ಯ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ನೀರು ಬಾರದ ಹಳ್ಳಿಯವರು ಪೇಟೆಯ ಕೆಲಸ, ವ್ಯಾಪಾರ, ಪರಊರಿನ ಜಮೀನು ಎಂದು ಹೊರಗೆ ಹರಡಿಕೊಂಡರು. ಹಳೆಯ ಸಂಬಂಧಗಳು ಅಲ್ಲಿ ಸಡಿಲವಾದವು. ಅವರ ಗ್ರಂಥ 1962ರಲ್ಲಿ ಪ್ರಕಟವಾಯಿತು. 1970ರಲ್ಲಿ ಮರಳಿ ಬಂದು ನೋಡಿ ಇನ್ನೊಂದು ಗ್ರಂಥವನ್ನು ಬರೆದರು. ನೀರಿಗಾಗಿ ಹೋರಾಡುವ ಬಯಲುಸೀಮೆಯವರು ನೆನಪಿಡಬೇಕಾದ ಪಾಠ ಇದರಲ್ಲಿದೆ: ನೀರು ಬಂದರೆ ಬೆಳೆ ಬದಲಾಗುತ್ತದೆ, ನ್ಯಾಯ ತಾನಾಗಿ ಬರುವುದಿಲ್ಲ.

ಹೊರಗಿನವರಿಗೆ ಒಂದು ಅನುಕೂಲವಿದೆ. ಅವರು ಮೂರ್ಖ ಪ್ರಶ್ನೆಗಳನ್ನು ಕೇಳಬಹುದು, ಎಲ್ಲ ಮನೆಗಳಿಗೂ ಹೋಗಬಹುದು. ಅವರಿಗೆ ಒಂದು ಬಿಡುಗಡೆಯೂ ಇದೆ: ಗ್ರಂಥ ಮುಗಿದ ಬಳಿಕ ಅವರು ಹೊರಟುಹೋಗುತ್ತಾರೆ. ಊರಿನವನಿಗೆ ಆ ಬಿಡುಗಡೆಯಿಲ್ಲ. ಬರೆದ ಮಾತಿನ ಫಲ ಅವನ ಅಂಗಳಕ್ಕೇ ಬಂದು ಬೀಳುತ್ತದೆ.

ಅನ್ವಯಿಕ ಜ್ಞಾನವು ಊರಿನ ಒಳಗನ್ನು ನೋಡದೆ ಬಂದಾಗ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. 2007ರವರೆಗೆ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಕೋಲಾರ ಜಿಲ್ಲೆಯ ಭಾಗವಾಗಿತ್ತು. ಆ ಅವಿಭಜಿತ ಜಿಲ್ಲೆಯಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಹಬ್ಬಿತು. ಉರುವಲಿಗೂ ಮೇವಿಗೂ ಮರ ಬೆಳೆಸುವುದು ಯೋಜನೆಯ ಮಾತು. ಬೆಳೆದದ್ದು ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ಬೇಕಾದ ಮರ. ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ ಮತ್ತು ಜೆ. ಬಂದ್ಯೋಪಾಧ್ಯಾಯ ಅವರು ಬೆಂಗಳೂರಿನ ಭಾರತೀಯ ಆಡಳಿತ ಸಂಸ್ಥೆಯಿಂದ 1981ರಲ್ಲಿ ಹೊರತಂದ ಅಧ್ಯಯನ ಈ ಬೆಳವಣಿಗೆಯನ್ನು ಪ್ರಶ್ನಿಸಿತು. ರಾಗಿ ಬೆಳೆಯುತ್ತಿದ್ದ ಹೊಲಗಳು ನೀಲಗಿರಿಗೆ ತಿರುಗುತ್ತಿವೆ, ಆಹಾರಧಾನ್ಯವೂ ಕೂಲಿಯೂ ಕಡಿಮೆಯಾಗುತ್ತಿವೆ ಎಂದು ಅದು ತೋರಿಸಿತು. 1983ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಪ್ರತಿಭಟಿಸಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನಡುವೆ ಮೂರೂವರೆ ದಶಕ ಕಳೆದಿತ್ತು.

ಮರದ ಗುಣದೋಷಗಳ ಚರ್ಚೆ ಬಹಳ ನಡೆಯಿತು. ಮರವನ್ನು ನೆಟ್ಟವನ ಮನೆಯ ಚರ್ಚೆ ಕಡಿಮೆ ನಡೆಯಿತು. ಊರಿನವರನ್ನು ಕೇಳಿದ್ದರೆ ಕಾರಣಗಳು ಸಿಗುತ್ತಿದ್ದವು. ಮಕ್ಕಳು ಬೆಂಗಳೂರಿಗೆ ಹೋದ ಮನೆಯಲ್ಲಿ ಬೇಸಾಯವನ್ನು ನೋಡಿಕೊಳ್ಳುವವರಿಲ್ಲ. ರಾಗಿಗೆ ವರ್ಷವರ್ಷವೂ ಉಳುಮೆ, ಕಳೆ, ಕುಯಿಲು, ಕಣ ಎಂದು ಆಳು ಬೇಕು. ನೀಲಗಿರಿಗೆ ಒಮ್ಮೆ ನೆಟ್ಟರೆ ಸಾಕು. ಅದನ್ನು ದನ ಮೇಯುವುದಿಲ್ಲ. ಕೋರಿಗೆ ಕೊಟ್ಟರೆ ಜಮೀನು ಗೇಣಿದಾರನ ಪಾಲಾದೀತೆಂಬ ಭಯಕ್ಕೂ ಅದು ಪರಿಹಾರ. ಹೀಗೆ ಜಮೀನಿದ್ದವನಿಗೆ ಅದು ಜಾಣತನದ ಬೆಳೆಯಾಯಿತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ ಕೂಲಿ ಹೋಯಿತು, ಅವಳ ಮನೆಯ ಹಸುವಿಗೆ ರಾಗಿಹುಲ್ಲು ಹೋಯಿತು. ಕೃಷಿವಿಜ್ಞಾನವು ಹೊಲವನ್ನು ಎಕರೆಯ ಲೆಕ್ಕದಲ್ಲಿ ಕಾಣುತ್ತದೆ. ಒಂದೇ ಎಕರೆ ಇಬ್ಬರಿಗೆ ಎರಡು ಬೇರೆ ವಸ್ತುಗಳೆಂಬುದನ್ನು ಕಾಣಲು ಇನ್ನೊಂದು ಬಗೆಯ ಶಾಸ್ತ್ರ ಬೇಕಾಗುತ್ತದೆ.

ಆ ಶಾಸ್ತ್ರವನ್ನು ಒಂದು ಸಮುದಾಯದವರೇ ತಮ್ಮ ಕೈಗೆ ತೆಗೆದುಕೊಂಡಾಗ ಏನು ಸಾಧ್ಯವೆಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಒಂದು ಉದಾಹರಣೆ. ಅಲ್ಲಿಯ ಸೋಲಿಗರು ಬೇಸಿಗೆಯ ಆರಂಭದಲ್ಲಿ ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು. ಬೆಂಕಿಯೂ ಪಲ್ಲಟ ಬೇಸಾಯವೂ ನಿಂತವು. ಕ್ರಮೇಣ ಲಂಟಾನ ಕಾಡಿನ ನೆಲವನ್ನೆಲ್ಲ ಆವರಿಸಿತು. ಏಟ್ರಿ ಸಂಸ್ಥೆಯ ಸಂಶೋಧಕರು ಬೆಟ್ಟದ ಉದ್ದಕ್ಕೂ ಗುರುತಿಸಿದ ತಾಕುಗಳಲ್ಲಿ 1997ರಲ್ಲಿ ಶೇಕಡಾ ಸುಮಾರು 41ರಲ್ಲಿ ಲಂಟಾನ ಕಂಡಿತ್ತು. 2008ರ ವೇಳೆಗೆ ಅದು ಶೇಕಡಾ ಸುಮಾರು 81ಕ್ಕೆ ಏರಿತ್ತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹೆಚ್ಚಿತೆಂದು ಸೋಲಿಗರು ಹೇಳುತ್ತ ಬಂದಿದ್ದರು. ನೆಲ್ಲಿಯ ಮರವನ್ನು ಹೀರುವ ಉಪ್ಪಿಲು ಎಂಬ ಬಂದಳಿಕೆಯನ್ನೂ ಆ ಬೆಂಕಿ ಹತೋಟಿಯಲ್ಲಿಡುತ್ತಿತ್ತೆಂಬುದು ಅವರ ತಿಳಿವಳಿಕೆ. ಬಹುಕಾಲ ಮೂಢನಂಬಿಕೆ ಎನಿಸಿಕೊಂಡ ಈ ಮಾತುಗಳು ಈಗ ಪರೀಕ್ಷೆಗೆ ಯೋಗ್ಯವಾದ ವೈಜ್ಞಾನಿಕ ಪ್ರಶ್ನೆಗಳಾಗಿ ಸಂಶೋಧನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿವೆ.

ಇಷ್ಟೇ ಆಗಿದ್ದರೆ ಅದು ಹೊರಗಿನವರು ಒಳಗಿನವರಿಂದ ಕಲಿತ ಕಥೆಯಾಗುತ್ತಿತ್ತು. ಸೋಲಿಗರಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡ ಅವರಂಥವರು ಸಂಶೋಧಕರಾಗಿಯೂ ಸಮುದಾಯದ ಸಂಘಟಕರಾಗಿಯೂ ದುಡಿದ ಕಾರಣ ಕಥೆ ಮುಂದುವರಿಯಿತು. ಹಿರಿಯರೊಡನೆ ಕಾಡಿನಲ್ಲಿ ನಡೆದು ದೇವರ ತಾಣ, ಮಾರಮ್ಮನ ತಾಣ, ವೀರರ ತಾಣ, ಸಮಾಧಿಯ ಕಲ್ಲು, ನೀರಿನ ಅಬ್ಬಿ ಹೀಗೆ ಪ್ರತಿಯೊಂದು ಕುಲದ ಎಲ್ಲೆಯನ್ನೂ ಗುರುತಿಸಿ ನಕಾಶೆ ಸಿದ್ಧಪಡಿಸಲಾಯಿತು. ಸರ್ಕಾರದ ನಕಾಶೆಯಲ್ಲಿ ಬರಿಯ ಕಾಡಾಗಿದ್ದ ಪ್ರದೇಶ ಈ ನಕಾಶೆಯಲ್ಲಿ ಹೆಸರುಳ್ಳ ನೆಲವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಹಕ್ಕು ಕೇಳುವಾಗ ಆ ಅರಿವು ಸಾಕ್ಷ್ಯವಾಗಿ ಒದಗಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಹಕ್ಕುಪತ್ರ ಬಂದ ಮಾತ್ರಕ್ಕೆ ಎಲ್ಲ ತೊಂದರೆಗಳೂ ತೀರುವುದಿಲ್ಲ. ಆದರೂ ಇಲ್ಲಿ ಅಧ್ಯಯನದ ದಿಕ್ಕು ಬದಲಾಯಿತು. ಆಳುವವರಿಗಾಗಿ ಪಟ್ಟಿ ಮಾಡುವ ಶಾಸ್ತ್ರ, ಪಟ್ಟಿಗೆ ಸೇರಿದವರ ಕೈಯಲ್ಲಿ ಮನವಿಪತ್ರವಾಯಿತು.

ಈಗ ಈ ಊರಿನ ಕೆರೆಕುಂಟೆಗಳ ಕಡೆಗೆ ಮರಳಬಹುದು. ನಂದಿಬೆಟ್ಟದ ಸಾಲಿನ ಸುತ್ತ ಹುಟ್ಟುವ ಉತ್ತರ ಪಿನಾಕಿನಿ ಈ ತಾಲ್ಲೂಕಿನಲ್ಲೇ ಹರಿದರೂ ವರ್ಷವಿಡೀ ನೀರು ಕೊಡುವ ನದಿ ಇಲ್ಲಿಲ್ಲ. ಹಿಂದಿನವರು ಇಳಿಜಾರಿನ ಹಳ್ಳಗಳಿಗೆ ಏರಿ ಕಟ್ಟಿ, ಒಂದರ ಕೋಡಿಯ ನೀರು ಇನ್ನೊಂದಕ್ಕೆ ಬೀಳುವಂತೆ ಕೆರೆಗಳ ಸರಪಳಿಯನ್ನು ಹೆಣೆದರು. ತೂಬನ್ನು ಎತ್ತಿ, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಅವನಿಗೆ ಸಂಬಳ ಕಣದಲ್ಲಿ ಸಿಗುವ ಧಾನ್ಯ. ಬಹಳ ಊರುಗಳಲ್ಲಿ ಅವನು ದಲಿತ ಕುಟುಂಬದವನು. ಅವನಿಗೆ ಅಚ್ಚುಕಟ್ಟಿನಲ್ಲಿ ಹೆಚ್ಚು ಜಮೀನಿಲ್ಲದಿದ್ದುದೇ ನೀರನ್ನು ಸಮನಾಗಿ ಹಂಚುವನೆಂಬ ನಂಬಿಕೆಗೆ ಒಂದು ಆಧಾರವಾಗಿತ್ತು. ನ್ಯಾಯಾಧೀಶನ ಕೆಲಸ ಅವನದು, ಸ್ಥಾನ ಮಾತ್ರ ಆಳಿನದು. ಈ ವ್ಯವಸ್ಥೆಯನ್ನು ಬರಿಯ ಸುವರ್ಣಯುಗವೆಂದು ಹಾಡುವುದೂ ತಪ್ಪು, ಬರಿಯ ದಬ್ಬಾಳಿಕೆಯೆಂದು ತಳ್ಳುವುದೂ ತಪ್ಪು. ಎರಡೂ ಅದರಲ್ಲಿದ್ದವು.

ಕೊಳವೆಬಾವಿ ಬಂದ ಮೇಲೆ ನೀರಿನ ಒಡೆತನ ತೂಬಿನಿಂದ ಪಂಪಿಗೆ ಸರಿಯಿತು. ಅಂತರ್ಜಲ ಇಳಿಯಿತು, ಆಳದ ನೀರಿನೊಡನೆ ಫ್ಲೋರೈಡೂ ಮೇಲೆ ಬಂತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಕೆರೆಗಳ ಪುನಶ್ಚೇತನ ಯೋಜನೆ ಆರಂಭವಾಗಿ, ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಹಳ್ಳಿಗಳಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಈಚಿನ ವರ್ಷಗಳಲ್ಲಿ ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಈ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ನೀರಿನ ಗುಣಮಟ್ಟದ ಬಗ್ಗೆ ಚರ್ಚೆ ನಡೆದಿದೆ, ನಡೆಯಬೇಕು. ಆದರೆ ಇನ್ನೊಂದು ಪ್ರಶ್ನೆ ಅಷ್ಟು ಕೇಳಿಬಂದಿಲ್ಲ. ಈ ನೀರು ತೂಬಿನಿಂದ ಗದ್ದೆಗೆ ಹರಿಯಲೆಂದು ಬಂದದ್ದಲ್ಲ, ಅಂತರ್ಜಲವನ್ನು ತುಂಬಲೆಂದು ಬಂದದ್ದು. ಅಂತರ್ಜಲ ಏರಿದರೆ ಲಾಭ ಕೊಳವೆಬಾವಿ ಇದ್ದವನಿಗೆ. ಬಾವಿಯಿಲ್ಲದವನ ಪಾಲು ಯಾವುದು? ಕೆರೆಯಂಗಳದಲ್ಲಿ ಕುರಿ ಮೇಯಿಸುತ್ತಿದ್ದವನು, ಬಟ್ಟೆ ಒಗೆಯುತ್ತಿದ್ದವಳು, ಮಡಕೆಗೆ ಮಣ್ಣು ಒಯ್ಯುತ್ತಿದ್ದವನು ಲೆಕ್ಕದಲ್ಲಿ ಎಲ್ಲಿದ್ದಾರೆ? ಇದನ್ನು ಬೆಂಗಳೂರಿನ ಎಂಜಿನಿಯರು ಕೇಳುವುದು ಕಷ್ಟ. ಊರಿನ ಕಾಲೇಜು ಹುಡುಗಿ ಕೇಳಬಲ್ಲಳು. ಆ ಜನರ ಮನೆಗಳು ಅವಳಿಗೆ ಗೊತ್ತು.

ಗೊತ್ತಿರುವುದರಲ್ಲೇ ಅಪಾಯವೂ ಇದೆ. ಒಬ್ಬ ವಿದ್ಯಾರ್ಥಿ ತನ್ನೂರಿನ ಕೆರೆಯ ನಕಾಶೆಯನ್ನು ಸಿದ್ಧಪಡಿಸುತ್ತಿದ್ದಾನೆ ಎಂದು ಭಾವಿಸಬಹುದು. ಒತ್ತುವರಿ ಎಷ್ಟಾಗಿದೆ ಎಂಬ ಪಟ್ಟಿ ಅದರೊಡನೆ ಇರಬೇಕು. ಪರಿಸರದ ದೃಷ್ಟಿಯಿಂದ ಅದು ಅಗತ್ಯವೇ. ಕೆರೆಯಂಗಳದ ಅಂಚಿನಲ್ಲಿ ಭೂರಹಿತ ಕುಟುಂಬವೊಂದು ಬಗರ್‌ಹುಕುಂ ಸಾಗುವಳಿಯಿಂದ ಒಂದಿಷ್ಟು ರಾಗಿ ಬೆಳೆದುಕೊಳ್ಳುತ್ತಿದೆ. ಅದಕ್ಕೆ ಕಾಗದವಿಲ್ಲ, ಅದು ಕಣ್ಣಿಗೆ ಕಾಣುವ ಒತ್ತುವರಿ. ಮೇಲ್ಭಾಗದಲ್ಲಿ ರಾಜಕಾಲುವೆಯನ್ನು ಮುಚ್ಚಿ ವಿಸ್ತರಿಸಿದ ತೋಟವೊಂದಿದೆ. ಅದಕ್ಕೆ ಪಹಣಿಯಿದೆ, ಬೇಲಿಯಿದೆ, ಪ್ರಭಾವವೂ ಇದೆ. ವಿದ್ಯಾರ್ಥಿ ಸತ್ಯವನ್ನೇ ಬರೆಯುತ್ತಾನೆ. ಪಟ್ಟಿ ತಾಲ್ಲೂಕು ಕಚೇರಿಗೆ ಹೋಗುತ್ತದೆ. ಮೊದಲು ತೆರವಾಗುವುದು ಯಾರ ರಾಗಿ? ಈ ಸಭೆಯಲ್ಲಿ ಯಾರಿಗೂ ಉತ್ತರ ತಿಳಿಯದ್ದಲ್ಲ. ಆ ಕುಟುಂಬದ ಮಗು ಆ ವಿದ್ಯಾರ್ಥಿಯ ತಂಗಿಯ ತರಗತಿಯಲ್ಲೇ ಓದುತ್ತಿರಬಹುದು.

ಹಾಗೆಂದು ಬರೆಯದೇ ಇರಬೇಕೇ? ಬರೆಯದಿದ್ದರೆ ಕೆರೆ ಹೋಗುತ್ತದೆ, ಕೆರೆ ಹೋದರೆ ಆ ಕುಟುಂಬದ ಕುರಿಗೂ ನೀರಿಲ್ಲ. ಮೌನವೂ ಪಕ್ಷಪಾತವೇ, ಅದು ಸಾಮಾನ್ಯವಾಗಿ ತೋಟದವನ ಪಕ್ಷ. ಉಳಿಯುವ ದಾರಿ ಪೂರ್ತಿಯಾಗಿ ಬರೆಯುವುದು. ಯಾರು ಎಷ್ಟು ನೆಲ ಒತ್ತಿದ್ದಾರೆ ಎಂಬುದರ ಜೊತೆಗೆ ಯಾರಿಗೆ ಬೇರೆ ಜೀವನೋಪಾಯವಿದೆ, ಯಾವ ಒತ್ತುವರಿಯಿಂದ ಕೆರೆಗೆ ಎಷ್ಟು ನೀರು ತಪ್ಪುತ್ತದೆ, ಕಾಗದವಿರುವ ಒತ್ತುವರಿ ಯಾವುದು ಎಂಬುದನ್ನೂ ದಾಖಲಿಸಬೇಕು. ಅರ್ಧ ಸತ್ಯದ ಭಾರ ಯಾವಾಗಲೂ ಬಡವನ ಹೆಗಲಿಗೆ ಬೀಳುತ್ತದೆ.

ತನ್ನೂರಿನಲ್ಲಿ ಈ ಕೆಲಸಕ್ಕೆ ತೊಡಗುವವರಿಗೆ ಕೆಲವು ನಡೆಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ತನ್ನ ಸ್ಥಾನವನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಬೇಕು: ತನ್ನ ಮನೆ ಯಾವ ಬೀದಿಯಲ್ಲಿದೆ, ಮನೆಗೆ ಎಷ್ಟು ಜಮೀನಿದೆ, ಯಾರ ಮನೆಯಲ್ಲಿ ತಾನು ಊಟ ಮಾಡುವುದಿಲ್ಲ, ಯಾರು ತನ್ನ ಮುಂದೆ ಕುಳಿತುಕೊಳ್ಳುವುದಿಲ್ಲ. ಶ್ರೀನಿವಾಸ್ ಅವರಿಗೆ ವರ್ಷಗಳ ಬಳಿಕ ಸ್ಪಷ್ಟವಾದದ್ದು ಇಂದಿನ ವಿದ್ಯಾರ್ಥಿಗೆ ಮೊದಲ ದಿನವೇ ಸ್ಪಷ್ಟವಾಗಬಹುದು.

ಎರಡನೆಯದಾಗಿ, ಅಧ್ಯಯನವನ್ನು ತನಗೆ ಅತಿ ಕಡಿಮೆ ಪರಿಚಯವಿರುವ ಕೇರಿಯಿಂದ ಆರಂಭಿಸಬೇಕು. ಊರಿನ ಮುಖಂಡರ ಜಗಲಿಯಿಂದ ಆರಂಭವಾದ ಸಮೀಕ್ಷೆ ಅಲ್ಲಿಯೇ ಮುಗಿಯುತ್ತದೆ. ಹೆಂಗಸರ ಮಾತನ್ನು ಗಂಡಸರಿಂದ ಕೇಳಿ ಬರೆದುಕೊಳ್ಳಬಾರದು. ಬೀಜ ಎತ್ತಿಡುವುದು, ಮೇವು ಹೊಂದಿಸುವುದು, ನೀರು ತರುವುದು ಯಾರ ಕೆಲಸವೋ ಅವರಲ್ಲೇ ಕೇಳಬೇಕು.

ಮೂರನೆಯದಾಗಿ, ಬರೆದದ್ದನ್ನು ಊರಿಗೆ ಓದಿ ಹೇಳಬೇಕು. ಕನ್ನಡದಲ್ಲಿ, ತೆಲುಗು ಬೇಕಾದಲ್ಲಿ ತೆಲುಗಿನಲ್ಲಿ, ಯಾರನ್ನು ಕುರಿತದ್ದೋ ಅವರ ಎದುರಿನಲ್ಲಿ ಓದಬೇಕು. ತಪ್ಪೆಂದು ಅವರು ಹೇಳಿದ ಮಾತನ್ನು ತಿದ್ದಬೇಕು. ತಿದ್ದಲು ಒಪ್ಪದಿದ್ದರೆ ಅವರ ಆಕ್ಷೇಪವನ್ನು ಪಕ್ಕದಲ್ಲೇ ಬರೆಯಬೇಕು. ಹೆಸರು ಹಾಕಬೇಡಿ ಎಂದವರ ಹೆಸರನ್ನು ಹಾಕಬಾರದು. ಎಪ್‌ಸ್ಟೀನ್ ಅವರೂ ಶ್ರೀನಿವಾಸ್ ಅವರೂ ಊರುಗಳ ಹೆಸರನ್ನೇ ಬದಲಿಸಿದರು. ಊರಿನವನು ಬರೆದಾಗ ಹೆಸರು ಬದಲಿಸಿದರೂ ಗುರುತು ಸಿಗುತ್ತದೆ. ಆದ್ದರಿಂದ ಅವನ ಎಚ್ಚರ ಇನ್ನೂ ಹೆಚ್ಚಿನದಾಗಿರಬೇಕು.

ನಾಲ್ಕನೆಯದಾಗಿ, ದಾಖಲೆ ಒಬ್ಬನ ಪೆಟ್ಟಿಗೆಯಲ್ಲಿ ಉಳಿಯಬಾರದು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸ್ ಅವರ ಕೊಠಡಿಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿ ತಗುಲಿತು. ವರ್ಷಗಳ ಕಾಲ ಪರಿಷ್ಕರಿಸಿ ಇಟ್ಟಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಗ ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಪ್ರಕಟವಾದ ‘ದಿ ರಿಮೆಂಬರ್ಡ್ ವಿಲೇಜ್’. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಊರಿನ ಶಾಲೆಯಲ್ಲಿ, ಗ್ರಾಮ ಪಂಚಾಯತಿಯಲ್ಲಿ, ಗ್ರಂಥಾಲಯದಲ್ಲಿ ಒಂದೊಂದು ಪ್ರತಿ ಇದ್ದರೆ ಮುಂದಿನ ತಲೆಮಾರು ಹೊಸದಾಗಿ ಆರಂಭಿಸಬೇಕಾಗುವುದಿಲ್ಲ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ವಿದೇಶದಲ್ಲಿ ಭೌತವಿಜ್ಞಾನವನ್ನು ಅಧ್ಯಯನ ಮಾಡಿ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದು ಅವರ ಶ್ರಮದಿಂದ. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರು ಜೀವನವಿಡೀ ಕಲಿಸಿದ ಪಾಠ. ಆ ಪ್ರಶ್ನೆ ಪವಾಡಗಳಿಗೆ ಮಾತ್ರ ಮೀಸಲಲ್ಲ. ಊರು ಹೀಗೆಯೇ ಇದ್ದದ್ದು, ಹೀಗೆಯೇ ಇರುವುದು ಎಂಬ ನಂಬಿಕೆಗೂ ಅದು ಅನ್ವಯಿಸುತ್ತದೆ.

ಇಂದು ಕುಡುಮಲಕುಂಟೆಯ ಹೆಸರು ಕೈಗಾರಿಕಾ ಪ್ರದೇಶದ ಫಲಕದ ಮೇಲೂ ಇದೆ. ಸುತ್ತಲ ಹಳ್ಳಿಗಳ ಯುವಕರು ಪಾಳಿಯ ಕೆಲಸಕ್ಕೆ ಹೋಗುತ್ತಾರೆ, ಹೊರಊರಿನವರು ಬಂದು ನೆಲೆಸುತ್ತಾರೆ, ಹೊಲದ ಬೆಲೆ ಬೇರೆಯಾಗುತ್ತದೆ. ಈ ಬದಲಾವಣೆಯನ್ನು ಬರೆಯಲು ದೂರದಿಂದ ಯಾರೋ ಬರಬಹು‌ದು, ಬಾರದೆಯೂ ಇರಬಹುದು. ಕುಂಟೆ ಎಲ್ಲಿತ್ತು, ಅದರ ನೀರು ಎಲ್ಲಿಂದ ಬರುತ್ತಿತ್ತು, ಯಾರು ಅದನ್ನು ಬಳಸುತ್ತಿದ್ದರು, ಯಾರನ್ನು ಅದರ ಬಳಿಗೆ ಬಿಡುತ್ತಿರಲಿಲ್ಲ ಎಂಬ ನಾಲ್ಕು ಪ್ರಶ್ನೆಗಳನ್ನು ಹಿಡಿದು ಊರಿನ ಹಿರಿಯರಲ್ಲಿಗೆ ಹೋಗುವ ಕೆಲಸಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ಒಂದು ನೋಟ್‌ಪುಸ್ತಕ ಸಾಕು. ನಾಲ್ಕನೆಯ ಪ್ರಶ್ನೆಯನ್ನು ಬಿಡದೆ ಕೇಳುವ ಧೈರ್ಯ ಮಾತ್ರ ಬೇಕು.